ಅರ್ಧ ತೊಳೆದ ರೂಪಾಯಿ

ಮುನಿಲಕ್ಷ್ಮಮ್ಮ ಬೆಳಿಗ್ಗೆ ಹಾಲು ಉಕ್ಕುವ ಮುಂಚೆಯೇ ಒಲೆಯ ಮುಂದೆ ಕುಸಿದು ಹೋಗಿಬಿಟ್ಟರು. ಮಧ್ಯಾಹ್ನ ಚಾಮರಾಜಪೇಟೆಯ ಮನೆಯ ಹಜಾರದಲ್ಲಿ ಮಲಗಿಸಿ, ಅರಿಸಿನ ಹಚ್ಚಿ, ಹೂ ಹಾಕಿದ ಮೇಲೆ ಹಣೆಗೆ ಅಂಟಿಸಲು ಒಂದು ರೂಪಾಯಿ ಬೇಕಾಯಿತು. ಅದು ಅವರ ಕಡೆಯ ಪದ್ಧತಿ. ನೆರೆದಿದ್ದ ಅಷ್ಟೂ ಜನ ಜೇಬು ತಡಕಿದರು, ಒಬ್ಬರ ಹತ್ತಿರವೂ ಚಿಲ್ಲರೆ ಇಲ್ಲ. ಸೊಪ್ಪಿನವಳಿಗೂ ಫೋನಿನಲ್ಲೇ ದುಡ್ಡು ಕಳಿಸುವ ಕಾಲ. ಸತ್ತವರ ಹಣೆಗೆ ಮಾತ್ರ ಇನ್ನೂ ನಾಣ್ಯವೇ ಬೇಕು.

"ಬಾವನ ಹತ್ರ ರಾಶಿ ಇದೆಯಲ್ಲ," ಎಂದ ಮುನಿಲಕ್ಷ್ಮಮ್ಮನ ತಮ್ಮ ದೊರೆಸ್ವಾಮಿ. ತರಗುಪೇಟೆಯಲ್ಲಿ ಬೇಳೆ ಮಂಡಿ ಇಟ್ಟಿರುವವನು. ಹಿತ್ತಲಿಗೆ ಹೋಗಿ, ಬಟ್ಟಲಲ್ಲಿ ನೆನೆಯುತ್ತಿದ್ದ ಒಂದು ಬೆಳ್ಳಿ ರೂಪಾಯಿ ತಂದು, ಪಂಚೆಯಲ್ಲಿ ಒರೆಸಿ ಅಕ್ಕನ ಹಣೆಗೆ ಒತ್ತಿದ.

ಬಾವ ಎಂದರೆ ಮುನಿಲಕ್ಷ್ಮಮ್ಮನ ಗಂಡ ವೇಣುಗೋಪಾಲ್, ರಿಟೈರಾದ ಮೇಲೆ ನಾಣ್ಯದ ಹುಚ್ಚು ಹತ್ತಿಸಿಕೊಂಡವರು. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಹಳೇ ಮನೆ ಕೆಡವುತ್ತಿದ್ದಾರೆ ಎಂದು ಕಿವಿಗೆ ಬಿದ್ದರೆ ಸಾಕು, ಮೆಟಲ್ ಡಿಟೆಕ್ಟರ್ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು. ಯಾವ ಕಾಲದಲ್ಲೋ ಯಾರೋ ಪೂಜೆ ಮಾಡಿ ಪಾಯಕ್ಕೆ ಹಾಕಿದ ರೂಪಾಯಿ ಮಣ್ಣಿನಲ್ಲಿ ಸಿಗುತ್ತಿತ್ತು. ಅದನ್ನು ನೆನೆಸಿ, ಅಂಟುವಾಳದ ನೊರೆಯಲ್ಲಿ ಮೆತ್ತನೆಯ ಬ್ರಷ್‌ನಿಂದ ಉಜ್ಜುತ್ತಾ ಕುಳಿತರೆ ಊಟದ ನೆನಪೂ ಇಲ್ಲ. ಅವೆನ್ಯೂ ರಸ್ತೆಯ ನಾಣ್ಯದ ಅಂಗಡಿಯವನು, "ಉಜ್ಜಬೇಡಿ ಸಾರ್, ಬೆಲೆ ಹೋಗ್ತದೆ" ಎಂದು ಬಡಕೊಂಡರೂ ಕೇಳಿದವರಲ್ಲ. ಬೆಲೆ ಯಾರಿಗೆ ಬೇಕಿತ್ತು? ಕಪ್ಪು ಕಳೆದು ಮುಖ ಮೂಡುವುದನ್ನು ನೋಡುವ ಚಪಲ ಅವರದು. "ಮನೆ ದೇವರಿಗೆ ಒಂದು ದೀಪ ಹಚ್ಚಲ್ಲ, ಊರ ಮಣ್ಣಿಗೆಲ್ಲ ಆ ಕೋಲಲ್ಲಿ ಆರತಿ ಎತ್ತಿಕೊಂಡು ಬರ್ತಾರೆ," ಎಂದು ಮುನಿಲಕ್ಷ್ಮಮ್ಮ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು.

ಈಗ ವೇಣುಗೋಪಾಲ್ ಹೆಂಡತಿಯ ತಲೆಯ ಬಳಿ ನಿಂತಿದ್ದರು. ಅಳು ಬರಲಿಲ್ಲ. ಏನೂ ಬರಲಿಲ್ಲ. ಮೈಯೆಲ್ಲ ಜೋಮು ಹಿಡಿದ ಹಾಗಿತ್ತು. ಕಣ್ಣು ಮಾತ್ರ ನಾಣ್ಯದ ಮೇಲಿತ್ತು. ಮುಂಭಾಗ ತೊಳೆದಾಗಿದೆ, ಅದರ ಮೇಲಿನ ಬ್ರಿಟಿಷ್ ರಾಣಿಯ ಕೂದಲಿನ ಎಳೆ ಎಳೆ ಕಾಣುತ್ತಿದೆ. ಹಿಂಭಾಗ ಇನ್ನೂ ಕಪ್ಪು, ಅದು ಹಣೆಗೆ ಅಂಟಿದೆ. ಅರ್ಧ ಕೆಲಸ ಬಾಕಿ. ಅಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಮಗಳು ಪ್ರತಿಭಾ ತಾಯಿಯ ಕಾಲ ಮೇಲೆ ಕವುಚಿಕೊಂಡು ತಲೆ ಎತ್ತದೆ ಅಳುತ್ತಿದ್ದಳು.

ದೇಹವನ್ನು ಕುಲುಮೆಯ ಒಳಗೆ ಕಳಿಸುವ ಮುಂಚೆ ನಾಣ್ಯ ತೆಗೆಯಬೇಕಿತ್ತು. ವಿದ್ಯುತ್ ಚಿತಾಗಾರದ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಬಾಗಿಲು ಮುಚ್ಚಿದ ಮೇಲೆ ವೇಣುಗೋಪಾಲ್, "ರೂಪಾಯಿ ಹೋಯ್ತು," ಎಂದರು. ಅಂದು ಅವರ ಬಾಯಿಂದ ಹೊರಟ ಮೊದಲ ಮಾತು ಅದೇ. ಅಕ್ಕಪಕ್ಕದವರು ಮುಖ ಮುಖ ನೋಡಿಕೊಂಡರು.

ಬೂದಿಯ ತಟ್ಟೆ ಹೊರಗೆ ಬಂದಾಗ ದೊರೆಸ್ವಾಮಿ ಮಡಕೆ ಹಿಡಿದು ನಿಂತ. ವೇಣುಗೋಪಾಲ್ ಕುಕ್ಕರುಗಾಲಲ್ಲಿ ಕುಳಿತು ಬೂದಿಯೊಳಗೆ ಬೆರಳಾಡಿಸತೊಡಗಿದರು. ಅಸ್ಥಿ ಆರಿಸುತ್ತಿದ್ದಾರೆ ಎಂದುಕೊಂಡರು ಎಲ್ಲರೂ. ಅವರು ಎಲುಬಿನ ಚೂರುಗಳನ್ನು ಪಕ್ಕಕ್ಕೆ ಸರಿಸಿ ಸರಿಸಿ, ಪಾಯದ ಮಣ್ಣು ಜಾಲಾಡುವ ಅದೇ ನಿಧಾನದಲ್ಲಿ ರೂಪಾಯಿ ಹುಡುಕುತ್ತಿದ್ದರು.

"ಅಕ್ಕನ ಬೂದೀಲೂ ನಾಣ್ಯ ಹುಡುಕ್ತೀರಾ ಬಾವ?" ದೊರೆಸ್ವಾಮಿ ಮಡಕೆಯನ್ನು ಕೆಳಗಿಟ್ಟ. "ಥೂ! ಮನುಷ್ಯರಾ ನೀವು?"

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಸುಮ್ನೆ ಹೇಳ್ತಾರಾ," ಎಂದಿತು ಹಿಂದಿನಿಂದ ಒಂದು ಹೆಣ್ಣು ದನಿ. ಗಾದೆ ಹೇಳುವವರಿಗೆ ಮದುವೆ ಮನೆಯಾದರೇನು, ಸುಡುಗಾಡಾದರೇನು.

"ಇನ್ನೊಂದು ಮಗ್ಗುಲು ತೊಳೀಬೇಕಿತ್ತು," ಎಂದರು ವೇಣುಗೋಪಾಲ್. ಬೆರಳು ಬೂದಿಯಲ್ಲಿ ಆಡುತ್ತಲೇ ಇತ್ತು. ನಾಣ್ಯವೂ ಸಿಕ್ಕಿತು. ಮಾರನೆಯ ದಿನ ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಟ್ಟ ದೊರೆಸ್ವಾಮಿ, ಬಾವನ ಜೊತೆ ಒಂದು ಮಾತೂ ಆಡದೆ ತನ್ನ ಮನೆಗೆ ಹೊರಟುಹೋದ.

ಅದರ ಮರುದಿನ ಬೆಳಿಗ್ಗೆ ವೇಣುಗೋಪಾಲ್ ಹಿತ್ತಲಲ್ಲಿ ಬಟ್ಟಲು ಮುಂದಿಟ್ಟುಕೊಂಡು ಕುಳಿತರು. ಬೆಂಕಿಗೆ ನಾಣ್ಯದ ಎರಡು ಮಗ್ಗುಲೂ ಕಪ್ಪಾಗಿದ್ದವು. ಹಿಂಭಾಗ ಉಜ್ಜಿದರು, ತಿರುಗಿಸಿ ಮುಂಭಾಗ ಉಜ್ಜಿದರು. ಪ್ರತಿಭಾ ಬಂದು ಒಗೆಯುವ ಕಲ್ಲಿನ ಮೇಲೆ ಕುಳಿತಳು. ಇವಳೂ ಬೈಯುತ್ತಾಳೆ ಎಂದುಕೊಂಡರು. ಅವಳು ಬೈಯಲಿಲ್ಲ.

"ಅಪ್ಪ, ನಂಗೆ ಅಮ್ಮನ್ನ ನೋಡೋಕೆ ಧೈರ್ಯಾನೇ ಬರ್ಲಿಲ್ಲ. ಕಾಲು ಹಿಡ್ಕೊಂಡೇ ಇದ್ದುಬಿಟ್ಟೆ," ಎಂದಳು. "ನೀವು ಕೊನೇ ತನಕ ತಲೆ ಹತ್ರಾನೇ ನಿಂತಿದ್ರಲ್ಲ. ಮುಖ ಹೇಗಿತ್ತು? ನೋವಿತ್ತಾ?"

ವೇಣುಗೋಪಾಲರ ಕೈ ನಿಂತಿತು. ನೆನಪು ಮಾಡಿಕೊಂಡರು. ನಾಣ್ಯದ ಅಂಚಿನ ಸಣ್ಣ ಗೀರು ನೆನಪಾಯಿತು. ರಾಣಿಯ ಕಿರೀಟ ನೆನಪಾಯಿತು, ಕೊರಳ ಸರ ನೆನಪಾಯಿತು. ಅದರ ಕೆಳಗೆ ಕಣ್ಣು ಪೂರ್ತಿ ಮುಚ್ಚಿತ್ತೋ ಇಲ್ಲವೋ, ತುಟಿ ಹೇಗಿತ್ತೋ, ಒಂದೂ ಇಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದವಳ ಕೊನೆಯ ಮುಖ ಅವರ ಬಳಿ ಇರಲಿಲ್ಲ. ನಾಣ್ಯವನ್ನು ಬಟ್ಟಲಿಗೆ ಬಿಟ್ಟರು.

ಶಾಂತವಾಗಿತ್ತು ಎಂದುಬಿಡಬಹುದಿತ್ತು. ಬಾಯಿ ಬರಲಿಲ್ಲ.

"ನಾನೂ ನೋಡ್ಲಿಲ್ಲ ಕಣಮ್ಮ," ಎಂದರು. "ನಾಣ್ಯ ನೋಡ್ತಾ ನಿಂತಿದ್ದೆ."

ಪ್ರತಿಭಾ ಅವರನ್ನೇ ದಿಟ್ಟಿಸಿದಳು. "ಹಾಗಾದ್ರೆ ನಾನು ಯಾರನ್ನ ಕೇಳ್ಲಿ?"

ಅವರು ಒದ್ದೆ ಕೈಯಲ್ಲೇ ದೊರೆಸ್ವಾಮಿಗೆ ಫೋನ್ ಮಾಡಿದರು. ಮೊದಲ ಸಲ ಅವನು ಎತ್ತಲಿಲ್ಲ. ಮತ್ತೆ ಮಾಡಿದಾಗ, "ಏನ್ ಬಾವ?" ಎಂದ ಬಿರುಸಾಗಿ.

"ಬೈಯೋದಿದ್ರೆ ಆಮೇಲೆ ಬೈಯಪ್ಪ. ನಿಮ್ಮಕ್ಕನ ಮುಖ ಹೇಗಿತ್ತು, ಅದನ್ನ ಹೇಳು."

ಆ ಕಡೆ ತರಗುಪೇಟೆಯ ಲಾರಿಗಳ ಹಾರನ್ ಸದ್ದು ದೂರವಾಯಿತು, ದೊರೆಸ್ವಾಮಿ ಮಂಡಿಯ ಒಳಕ್ಕೆ ಹೋಗಿದ್ದ.

"ಬಾಯಿ ಸ್ವಲ್ಪ ತೆರ್ಕೊಂಡಿತ್ತು ಬಾವ," ಎಂದ. "ಏನೋ ಹೇಳೋಕೆ ಹೊರಟಂಗೆ. ರೂಪಾಯಿ ಅಂಟಿಸ್ದಾಗ ನಾನೇ ಮುಚ್ಚಿದೆ. ಆಮೇಲೆ ನೆಮ್ಮದಿಯಾಗಿತ್ತು. ಹಬ್ಬದ ಕೆಲಸ ಎಲ್ಲ ಮುಗಿಸಿ ಮಲಗ್ತಿದ್ದಳಲ್ಲ, ಹಂಗೆ."

ವೇಣುಗೋಪಾಲ್ ಸ್ಪೀಕರ್ ಒತ್ತಿ ಫೋನನ್ನು ಮಗಳ ಮಡಿಲಲ್ಲಿಟ್ಟರು.

"ಇನ್ನೊಂದ್ಸಲ ಹೇಳಪ್ಪ ದೊರೆ," ಎಂದರು. "ನಿಧಾನವಾಗಿ ಹೇಳು."