ತಂಪಣ್ಣನ ಮನೆ ಇದಲ್ಲ

"ಇಲ್ಲಪ್ಪ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ," ಎಂದು ಎರಡನೆಯ ಸಲ ಹೇಳಿ ಅವಳು ಗೇಟಿನ ಚಿಲಕ ಹಾಕಿದಳು. ಹಾರ ಹಿಡಿದು ಹೊರಗೆ ನಿಂತಿದ್ದ ಮೂವರು ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬ ವಿಳಾಸದ ಚೀಟಿಯನ್ನು ಮತ್ತೊಮ್ಮೆ ಓದಿದ. ಬೀದಿ ಇದೇ, ಮನೆಯ ನಂಬರೂ ಇದೇ.

"ತಂಪಣ್ಣ ಅಂತ, ಅಮ್ಮ. ಗಾರೆ ಕೆಲಸದವರು. ಹಳೇ ಮನೆಗಳನ್ನ ಸರಿ ಮಾಡ್ತಿದ್ರಲ್ಲ. ನಿನ್ನೆ ತೀರ್ಕೊಂಡ್ರಂತೆ."

ಒಳಗಿನ ಜನರಿಂದ ಒಂದು ಗಳಿಗೆ ತಪ್ಪಿಸಿಕೊಳ್ಳಲೆಂದು ಅವಳು ಗೇಟಿನವರೆಗೆ ಬಂದಿದ್ದಳು. ಉತ್ತರ ಕೊಡುವಷ್ಟರಲ್ಲಿ ಬಡಗಿ ಓಡುತ್ತ ಬಂದ. ಗಂಡನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವನು.

"ಬಿಡು ತಂಗೀ ಅವರನ್ನ. ತಂಪಣ್ಣ ಅಂದ್ರೆ ಇವನೇ, ನಿನ್ನ ಗಂಡ."

"ಇವರೇ ಅಂದ್ರೆ?"

"ಊರೆಲ್ಲ ಹಾಗೇ ಕರೆಯೋದು. ನಿಂಗೊತ್ತಿರ್ಲಿಲ್ವಾ?"

ಮೂವತ್ತೊಂದು ವರ್ಷ ಒಂದೇ ಸೂರಿನಡಿ ಬದುಕಿದವಳಿಗೆ ಗೊತ್ತಿರಲಿಲ್ಲ. ಅವಳು ಚಿಲಕ ತೆಗೆದಳು. ಮೂವರೂ ತಲೆ ತಗ್ಗಿಸಿ ಅವಳನ್ನು ದಾಟಿ ಹೋದರು, ಅವಳೇ ಯಾರೋ ದಾರಿಹೋಕಳು ಎನ್ನುವಂತೆ.

ನಡುಮನೆಯಲ್ಲಿ ಗಂಡ ಮಲಗಿದ್ದ. ನಿನ್ನೆ ಮಧ್ಯಾಹ್ನ ಯಾರದೋ ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಯುತ್ತಿದ್ದವನು ಸುಸ್ತು ಎಂದು ಕೂತಿದ್ದನಂತೆ, ಏಳಲಿಲ್ಲ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಬಿಳಿ ಹೋಗಿರಲಿಲ್ಲ. ಸುತ್ತ ಕೂತವರು ಕೈಗೆ ಸಿಕ್ಕಿದ ಕಾಗದದಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ಗೋಡೆಗಳು ಕಾದಿದ್ದವು.

"ಊರಿಗೆಲ್ಲ ತಂಪು ಹಂಚಿದವರ ಮನೇಲಿ ಕೂತು ಬೇಯ್ತಾ ಇದೀವಲ್ಲ," ಎಂದು ದಿನಸಿ ಅಂಗಡಿಯವನು ಪಕ್ಕದವರ ಕಿವಿಯಲ್ಲಿ ಹೇಳಿದ. ದಪ್ಪ ಮನುಷ್ಯ, ಅವನ ಪಿಸುಮಾತೂ ಇಡೀ ಕೋಣೆಗೆ ಕೇಳಿಸಿತು. ಅವಳು ನೋಡಿದ್ದನ್ನು ಕಂಡು ಅವನಿಗೆ ನಾಚಿಕೆಯಾಯಿತು. "ತಪ್ಪು ತಿಳ್ಕೋಬೇಡಿ ಅಮ್ಮ. ಎಂಥಾ ಮನುಷ್ಯ! ಮೊದಲ ದಿನ ಬಂದವರೇ ನನ್ನ ಕೇಳಿದ್ರು, ಮಧ್ಯಾಹ್ನ ಮಲಗಿದಾಗ ಯಾವ ಮಗ್ಗುಲಿಗೆ ಬೆವರು ಜಾಸ್ತಿ ಅಂತ. ನನ್ನ ಹೆಂಡತಿ ಕೂಡ ಇವತ್ತಿನವರೆಗೆ ಕೇಳಿಲ್ಲ."

ಯಾರೋ ನಕ್ಕು, ನಕ್ಕದ್ದಕ್ಕೆ ಕೆಮ್ಮಿದರು. ಒಬ್ಬ ಹೆಂಗಸು ಮಾತು ಎತ್ತಿಕೊಂಡಳು. ನೀರು ನುಗ್ಗಿದ ವರ್ಷ ಬೀದಿಗೆಲ್ಲ ಕತ್ತಲಾದರೂ ಅವರ ಕಟ್ಟಡದಲ್ಲಿ ಮಾತ್ರ ದೀಪ ಉರಿದಿತ್ತು. ಕರೆಂಟಿನ ಮೀಟರನ್ನು ಎದೆಮಟ್ಟಕ್ಕಿಂತ ಮೇಲೆ ಏರಿಸಿ ಅಂತ ಹಟ ಹಿಡಿದಿದ್ದವನು ಅವನೇ. "ನನ್ನ ಮೊಣಕಾಲು ನೋವಿನ ಕತೆನೆಲ್ಲ ಒಂದು ಗಂಟೆ ಕೂತು ಕೇಳಿದ್ರು. ಆಮೇಲೆ ನನ್ನ ಮಂಚ ಇಡೋ ಜಾಗವನ್ನೇ ಬದಲಾಯಿಸಿದ್ರು."

ಅವಳ ಮೊಣಕಾಲೂ ನೋಯುತ್ತಿತ್ತು, ಆರು ವರ್ಷದಿಂದ.

"ಮೊದಲ ದಿನ ಕರಣೆ ಮುಟ್ತಿರ್ಲಿಲ್ಲ ಆಸಾಮಿ," ಎಂದ ಬಡಗಿ. "ಒಂದು ಕುರ್ಚಿ ಹಾಕ್ಕೊಂಡು ಬೆಳಗಿಂದ ಸಂಜೆವರೆಗೆ ಮನೆಯೋರ ಜೊತೆ ಮಾತಾಡೋನು. ಯಾವ ಗೋಡೆಗೆ ಎಷ್ಟೊತ್ತಿಗೆ ಬಿಸಿಲು, ಯಾರು ಯಾವಾಗ ಎದ್ದು ಜಾಗ ಬದಲಾಯಿಸ್ತಾರೆ, ಎಲ್ಲ ಬೇಕು ಅವನಿಗೆ. ನನ್ನ ಕಿವಿ ತೂತು ಬೀಳೋದು! ಇಷ್ಟೆಲ್ಲ ಮಾಡಿ, ಕೊನೆಗೆ ಬೇಕಂತಲೇ ಒಂದು ಕಿಟಕಿಗೆ ಬಿಸಿಗಾಳಿ ತಡೆಯೋ ರಬ್ಬರ್ ಪಟ್ಟಿ ಹಾಕ್ದೆ ಬಿಟ್ಟುಬಿಡೋನು. ಯಾಕಯ್ಯಾ ಅಂದ್ರೆ ಬಾಯಿ ಬಿಡ್ತಿರ್ಲಿಲ್ಲ."

"ಮಾತಾಡೋರಾ?" ಎಂದಳು ಅವಳು. ಅವಳ ಕಿವಿಯಲ್ಲಿ ಉಳಿದದ್ದು ಅದೊಂದೇ.

"ಮಾತಾಡೋನಾ ಅಂತೀಯಲ್ಲ!"

ಮನೆಯಲ್ಲಿ ತುಟಿ ಪಿಟಕ್ಕೆನ್ನದವನು. ಊಟಕ್ಕೆ ಕರೆದರೆ ಬರುತ್ತಿದ್ದ, ಸಾಕಾದರೆ ಕೈ ಅಡ್ಡ ಹಿಡಿಯುತ್ತಿದ್ದ. ಅವನಿಗೆ ಮಾತೇ ಬಾರದು ಎಂದುಕೊಂಡು ಅವಳು ತನ್ನನ್ನು ಸಮಾಧಾನ ಮಾಡಿಕೊಂಡಿದ್ದಳು. ಈಗ ನೋಡಿದರೆ ಬೀದಿಬೀದಿಗೆ ಮಾತು ಹಂಚಿ, ಖಾಲಿ ಬಾಯಿ ತಂದು ಅವಳೆದುರು ಕೂರುತ್ತಿದ್ದ.

ನಾದಿನಿ ಹತ್ತಿರ ಸರಿದು ಮೊಣಕೈಯಿಂದ ತಿವಿದಳು. "ಅತ್ತಿಗೆ, ಆ ಮೂಲೇಲಿ ಕೂತಿರೋಳು ಯಾರು? ತಂಗಿ ನಾನೇ ಇಷ್ಟು ಅತ್ತಿಲ್ಲ."

ಐವತ್ತರ ಆಸುಪಾಸಿನ ಹೆಂಗಸು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು; ತೆಗೆಯಲು ಮರೆತು ಬಂದಿದ್ದಳು. ಸದ್ದಿಲ್ಲದೆ, ಒಂದೇ ಸಮನೆ ಅಳುತ್ತಿದ್ದಳು.

"ಅವರು ಟೈಲರಮ್ಮ," ಎಂದ ಬಡಗಿ. "ನಾಲ್ಕಂತಸ್ತಿನ ಹಳೇ ಕಟ್ಟಡದಲ್ಲಿ ಮೇಲಿನ ಮನೆ. ಬೇಸಿಗೇಲಿ ಇಸ್ತ್ರಿಪೆಟ್ಟಿಗೆ ಬೇಡ, ಬಟ್ಟೆ ಗೋಡೆಗೆ ಒತ್ತಿದ್ರೆ ಸಾಕು ಅನ್ನೋ ಹಾಗಿತ್ತು. ನಿನ್ನ ಗಂಡ ಅಲ್ಲಿಗೆ ವರ್ಷಾ ವರ್ಷಾ ಹೋಗೋನು."

"ಯಾಕೆ?"

ಬಡಗಿಗೆ ತಾನು ಹೇಳಬಾರದ್ದನ್ನು ಹೇಳಿದೆ ಎನಿಸಿತು. ಗಾಡಿ ಬಂತೇ ನೋಡುತ್ತೇನೆ ಎಂದು ಹೊರಗೆ ಹೋದ.

*

ಹದಿನಾಲ್ಕು ವರ್ಷದ ಹಿಂದಿನ ಒಂದು ಭಾನುವಾರ ಅವನು ಈ ಮನೆಯ ಕಿಟಕಿಗಳಿಗೆಲ್ಲ ಎರಡನೆಯ ಗಾಜು ಕೂರಿಸಿ, ಚೌಕಟ್ಟಿನ ಸುತ್ತ ಕಪ್ಪು ರಬ್ಬರಿನ ಪಟ್ಟಿ ಅಂಟಿಸಿದ್ದ. ಆ ಕೆಲಸವನ್ನು ಆಗಷ್ಟೇ ಕಲಿತಿದ್ದ. ಸಂಜೆ ಎಲ್ಲ ಮುಚ್ಚಿ, ಗೋಡೆಯ ಉಷ್ಣಮಾಪಕದ ಎದುರು ಅವಳನ್ನು ನಿಲ್ಲಿಸಿ, "ನೋಡು," ಎಂದ. ಹೊರಗಿಗಿಂತ ಒಂಬತ್ತು ಡಿಗ್ರಿ ಕಡಿಮೆ ಇತ್ತು. ಅವನ ಮುಖದಲ್ಲಿ ಅಂಥ ಸಂತೋಷವನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ.

ಮನೆ ತಂಪಾಯಿತು. ಜೊತೆಗೆ ಕಿವುಡೂ ಆಯಿತು. ಮಕ್ಕಳಿಲ್ಲದ ಮನೆ, ಹಗಲಿಡೀ ಅವಳೊಬ್ಬಳೇ. ಮೊದಲಾದರೆ ಸಂಜೆ ಅಡುಗೆಮನೆಯ ಕಿಟಕಿಯಿಂದ ಗೇಟಿನ ಕಿರುಗುಡುವಿಕೆ, ಅವನ ಚಪ್ಪಲಿ, ಕರಣೆ ತುಂಬಿದ ಬಕೆಟ್ಟನ್ನು ಕಲ್ಲಿನ ಮೇಲೆ ಇಡುವ ಸದ್ದು ಕೇಳುತ್ತಿದ್ದವು. ಆ ಸದ್ದಿಗಾಗಿಯೇ ಅವಳ ಇಡೀ ದಿನ ನಿಂತಿರುತ್ತಿತ್ತು. ಈಗ ಅವನು ಬಂದದ್ದೇ ತಿಳಿಯದೆ, ತಿರುಗಿದರೆ ಬೆನ್ನ ಹಿಂದೆ ನಿಂತಿರುತ್ತಿದ್ದ.

ಎಂಟು ದಿನ ತಡೆದಳು. ಒಂಬತ್ತನೆಯ ದಿನ ತರಕಾರಿ ಹೆಚ್ಚುವ ಚಾಕುವಿನಿಂದ ಆ ಕಿಟಕಿಯ ಪಟ್ಟಿಯನ್ನು ಕೊಯ್ದು ತೆಗೆದಳು.

ಸಂಜೆ ಅವನು ನೆಲದ ಮೇಲಿದ್ದ ರಬ್ಬರಿನ ಚೂರುಗಳನ್ನು ನೋಡಿದ. "ಯಾಕೆ?" ಎಂದ.

ನಿಮ್ಮ ಬಕೆಟ್ಟಿನ ಸದ್ದಿಗೆ ಕಾಯುತ್ತೇನೆ ಎಂದು ಹೇಗೆ ಹೇಳುವುದು? ಹದಿನೇಳು ವರ್ಷ ಸಂಸಾರ ಮಾಡಿದವಳು ಹಾಗೆಲ್ಲ ಹೇಳುತ್ತಾಳೆಯೇ? "ಉಸಿರು ಕಟ್ಟುತ್ತೆ," ಎಂದಳು.

ಅವನು ಚೂರುಗಳನ್ನು ಒಂದೊಂದೇ ಆರಿಸಿಕೊಂಡ. ಆಮೇಲೆ ಉಳಿದ ಕಿಟಕಿಗಳ ಪಟ್ಟಿಯನ್ನೂ ತಾನೇ ಬಿಚ್ಚಿದ. ಅಲ್ಲಿಂದಾಚೆಗೆ ಈ ಮನೆಯ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಬಕೆಟ್ಟನ್ನು ದಡಾರೆಂದು ಇಡತೊಡಗಿದ. ಸಿಟ್ಟು ಇನ್ನೂ ಆರಿಲ್ಲ ಎಂದು ಅವಳು ತಿಳಿದುಕೊಂಡಳು.

*

ಮಣ್ಣು ಮಾಡಿ ಎಲ್ಲರೂ ಮರಳುವಾಗ ಮೂರು ಗಂಟೆ. ಬಾಡಿಗೆ ಕುರ್ಚಿಯವರು ಬಂದು ಅಂಗಳದ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸತೊಡಗಿದರು. ಜನ ಕರಗಿದರು. ಟೈಲರಮ್ಮ ಮಾತ್ರ ಹೇಳಿ ಹೋಗಲೆಂದು ಚೀಲ ಹಿಡಿದು ಕಾಯುತ್ತಿದ್ದಳು.

"ಕೂತ್ಕೊಳ್ಳಿ," ಎಂದಳು ಅವಳು.

ನಾದಿನಿಯೂ ಒಂದು ಕುರ್ಚಿ ಎಳೆದಳು.

"ನೀನು ಒಳಗೆ ಹೋಗಿ ಸ್ವಲ್ಪ ಮಲ್ಕೋ."

"ನಂಗೇನೂ ನಿದ್ದೆ ಬರ್ತಿಲ್ಲ ಅತ್ತಿಗೆ."

"ಬರುತ್ತೆ, ಹೋಗು."

ನಾದಿನಿ ಮುಖ ಊದಿಸಿಕೊಂಡು ಹೋದಳು. ಇಬ್ಬರೇ ಉಳಿದರು.

"ನಮ್ಮನೆಯವರು ನಿಮ್ಮನೇಗೆ ಎಷ್ಟು ಸಲ ಬರ್ತಿದ್ರು?"

"ವರ್ಷಕ್ಕೊಂದು ಸಲ. ಬೇಸಿಗೆಗೆ ಮುಂಚೆ, ಕಿಟಕಿಗಳನ್ನ ನೋಡೋಕೆ."

"ಎಷ್ಟು ಹೊತ್ತು ಇರ್ತಿದ್ರು?"

ಟೈಲರಮ್ಮ ತಲೆ ಎತ್ತಿದಳು. "ಅಕ್ಕ, ನೀವು ಕೇಳ್ತಿರೋದು ಗೊತ್ತಾಯ್ತು. ಹಾಗೇನೂ ಇಲ್ಲ."

"ಹಾಗಿದ್ದಿದ್ರೆ ಬೈದು ಕಳಿಸಿ ಬಾಗಿಲು ಹಾಕ್ಕೋತಿದ್ದೆ," ಎಂದಳು ಅವಳು. ಸ್ವರ ಅವಳಿಗೇ ಹೊಸದೆನಿಸಿತು. "ಏನು ಮಾತಾಡ್ತಿದ್ರು, ಅದನ್ನ ಹೇಳಿ."

ಟೈಲರಮ್ಮ ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತಿಕೊಂಡಳು.

"ಮೊದಲ ದಿನ ಕೇಳಿದ್ರು, ಈ ಮನೇಲಿ ಯಾರು ಯಾರಿಗೆ ಕಾಯ್ತಾರೆ, ಎಲ್ಲಿ ನಿಂತು ಕಾಯ್ತಾರೆ ಅಂತ. ನಂಗೆ ನಗು ಬಂತು. ಮಗಳು ಕೆಲಸದಿಂದ ಬರೋವರೆಗೆ ನಾನು ಹೊಲಿಗೆ ಮಿಷಿನ್ ಪಕ್ಕದ ಕಿಟಕೀಲಿ ಇರ್ತೀನಿ ಅಂದೆ. ಹಾಗಾದ್ರೆ ಅದಕ್ಕೆ ಪಟ್ಟಿ ಬೇಡ, ಹೊರಗೆ ನೆರಳಿಗೆ ಬಿದಿರು ತಟ್ಟಿ ಕಟ್ತೀನಿ, ಬಿಸಿಲು ನಿಲ್ಲುತ್ತೆ, ಸದ್ದು ಬರುತ್ತೆ ಅಂದ್ರು. ಒಂದು ಮನೇಲಿ ತಪ್ಪು ಮಾಡಿದೀನಿ, ಇನ್ನೆಲ್ಲೂ ಮಾಡಲ್ಲ ಅಂದ್ರು. ಯಾರ ಮನೆ ಅಂದೆ. ನಮ್ಮನೇದೇ ಅಂದ್ರು."

ಸೆರಗಿನ ತುದಿ ತಿರುವುತ್ತಿದ್ದ ಅವಳ ಕೈ ನಿಂತಿತು.

"ನೀವು ಪಟ್ಟಿ ಕೊಯ್ದಾಗ ಅವರಿಗೆ ತುಂಬ ಬೇಜಾರಾಗಿತ್ತಂತೆ. ಆಮೇಲೊಂದು ಸಂಜೆ, ಮೋರಿ ಕಟ್ಟಿದೆಯಾ ಅಂತ ನೋಡೋಕೆ ಗೇಟಿನ ಹೊರಗೇ ನಿಂತ್ರಂತೆ. ನೀವು ಕಿಟಕಿಗೆ ಕಿವಿ ಕೊಟ್ಟು ನಿಂತಿದ್ರಂತೆ. ಇವರು ಗೇಟು ದಾಟಿ ಬಂದು ಬಕೆಟ್ ಇಟ್ಟಿದ್ದೇ ತಡ, ನೀವು ಒಲೆ ಹತ್ರ ಓಡಿಹೋಗಿ ಏನೂ ಗೊತ್ತಿಲ್ದೋರ ಹಾಗೆ ಬೆನ್ನು ತಿರುಗಿಸಿ ನಿಂತ್ರಂತೆ. ಅವತ್ತಿಂದ ದಿನಾ ಜೋರಾಗಿ ಇಡೋರಂತೆ, ನಿಮಗೆ ಚೆನ್ನಾಗಿ ಕೇಳ್ಲಿ ಅಂತ."

ಪೇರಿಸಿದ ಕುರ್ಚಿಗಳನ್ನು ಯಾರೋ ಗಾಡಿಗೆ ಎಸೆದರು.

"ನಂಗ್ಯಾಕೆ ಹೇಳ್ಲಿಲ್ಲ?"

"ನಾನೂ ಕೇಳ್ದೆ ಅಕ್ಕ. ಹೇಳಿದ್ರೆ ನಾಚಿಕೊಂಡು ಕಾಯೋದನ್ನೇ ಬಿಟ್ಟುಬಿಟ್ರೆ ಏನು ಮಾಡ್ಲಿ ಅಂದ್ರು."

ಗಂಡ ಸತ್ತಾಗ ಬಾರದ ಸಿಟ್ಟು ಅವಳಿಗೆ ಈಗ ಬಂತು. "ನಿಮಗೆ ಯಾವಾಗ ಹೇಳಿದ್ದು ಇದನ್ನ?"

"ಹನ್ನೊಂದು ವರ್ಷ ಆಯ್ತು."

"ಹನ್ನೊಂದು ವರ್ಷದಿಂದ ಈ ಮಾತು ನಿಮ್ಮ ಹತ್ರ ಇತ್ತು!"

ಟೈಲರಮ್ಮ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು. "ನಂಗೂ ಹೊಟ್ಟೆಕಿಚ್ಚಾಗೋದು ಅಕ್ಕ. ಬಂದಾಗೆಲ್ಲ ನಿಮ್ಮ ಮಾತೇ. ಬೇಕು ಅಂತಾನೇ ಕೆದಕಿ ಕೇಳ್ತಿದ್ದೆ. ನನ್ನ ಬಗ್ಗೆ ಯಾರೂ ಯಾವತ್ತೂ ಹಾಗೆ ಮಾತಾಡಿಲ್ಲ."

"ಇನ್ನೂ ಏನೇನು ಹೇಳಿದಾರೆ?"

"ತುಂಬ ಇದೆ. ಇನ್ನೊಂದು ದಿನ ಬರ್ತೀನಿ. ಬಸ್ಸಿಗೆ ಹೊತ್ತಾಯ್ತು." ಅವಳು ಏಳಲು ಹೋದಳು.

ಕುರ್ಚಿಯವನು ಹತ್ತಿರ ಬಂದು ನಿಂತ. "ಅಮ್ಮ, ಈ ಎರಡೇ ಉಳಿದಿರೋದು."

"ಇರ್ಲಿ," ಎಂದಳು ಅವಳು, ಅವನ ಕಡೆ ನೋಡದೆ. ಟೈಲರಮ್ಮನ ಕೈಯಿಂದ ಚೀಲ ಕಿತ್ತುಕೊಂಡು ತನ್ನ ಮಡಿಲಲ್ಲಿಟ್ಟು, ಎರಡೂ ಕೈಯಿಂದ ಅವುಚಿ ಹಿಡಿದಳು. ಆಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಮೊದಲಿಂದ ಹೇಳಿ," ಎಂದಳು. "ಯಾವ ಅಂಗಿ ಹಾಕ್ಕೊಂಡಿದ್ರು ಅವತ್ತು?"