ಕ್ರೆಡಿಟ್ ನದಿಯ ಬಲದಂಡೆ

ಕಮಲಾಕ್ಷಮ್ಮನವರಿಗೆ ದಿಕ್ಕು ಎನ್ನುವುದು ತಿಳಿಯುತ್ತಿರಲಿಲ್ಲ. ಪರದೇಶದಲ್ಲಿ ಮಗಳ ಮನೆಯಿದ್ದ ಎರಿನ್ ಮಿಲ್ಸಿನ ಮಾಲಿನಲ್ಲಿ ಎರಡು ಸಲ ಕಳೆದುಹೋಗಿ, ಎರಡು ಸಲವೂ ಚಪ್ಪಲಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಸಿಕ್ಕಿದ್ದರು. ಆದರೆ ಗಂಡ ಒಂದು ಜಾಗ ಹೇಳಿ "ಅಲ್ಲೇ ಇರು" ಎಂದರೆ ಅಲ್ಲಿಂದ ಕದಲುತ್ತಿರಲಿಲ್ಲ. ಈ ಗುಣವನ್ನು ಮದುವೆಯಾದಾಗಿನಿಂದ ಮೆಚ್ಚಿಕೊಂಡು ಬಂದ ವೇಣುಗೋಪಾಲರಾಯರಿಗೆ, ಆಕೆ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ, ಅದೇ ಚಿಂತೆಯಾಯಿತು.

ಚಿಂತೆ ಹುಟ್ಟಿದ್ದು ಒಂದು ಭಾನುವಾರ, ಸ್ಟ್ರೀಟ್ಸ್‌ವಿಲ್ಲಿನ ಪಾರ್ಕಿನಲ್ಲಿ, ಹೊಳೆಯ ದಂಡೆಯ ಮೇಲೆ. ರಾಯರು ಮೈಸೂರಿನಲ್ಲಿ ಮೇಷ್ಟರಾಗಿದ್ದವರು. ಕನ್ನಡ ತರಗತಿಯ ಮಕ್ಕಳಿಗೆ ಇಲ್ಲಿಯ ನದಿಯ ವಿಷಯ ನಾಲ್ಕು ಮಾತು ಹೇಳಲು ಮಗಳು ದೀಪ್ತಿ ಅವರನ್ನು ಒಪ್ಪಿಸಿದ್ದಳು. ಮನೆಯಲ್ಲಿ ಸುಮ್ಮನೆ ಕೂತಿರುವುದಕ್ಕಿಂತ ಇದು ವಾಸಿ ಎಂದು ಅವಳ ಎಣಿಕೆ.

"ಕ್ರೆಡಿಟ್ ನದಿ ಚಿಕ್ಕದು. ಚಿಕ್ಕದು ಅಂತ ಅದಕ್ಕೇನೂ ಬೇಜಾರಿಲ್ಲ," ಎಂದು ರಾಯರು ಶುರುಮಾಡಿದರು. "ಆರೆಂಜ್‌ವಿಲ್ ಕಡೆ ಜೌಗು ನೆಲದಲ್ಲಿ ಹುಟ್ಟತ್ತೆ. ಅಲ್ಲಿಂದ ಒಂದು ದೊಡ್ಡ ಕಲ್ಲಿನ ಮೆಟ್ಟಿಲು ಇಳಿದು, ಸುತ್ತಿ ಬಳಸಿ ನಮ್ಮೂರಿಗೆ ಬಂದು, ಪೋರ್ಟ್ ಕ್ರೆಡಿಟ್ಟಲ್ಲಿ ಲೇಕ್ ಒಂಟಾರಿಯೋ ಸೇರತ್ತೆ. ಈಗ ಎಲ್ಲಾರೂ ನೀರು ಹೋಗೋ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ಬಲಗೈ ಚಾಚಿ. ಅದು ಬಲದಂಡೆ. ನಮ್ಮನೆ ಇರೋದು ಆ ಕಡೆ. ಲತೀಶ, ಅದು ಎಡಗೈ ಕಣಪ್ಪ."

ಲತೀಶ ಕೈ ಬದಲಾಯಿಸಿದ.

"ಎಲ್ಲಿಗೇ ಹೋಗಿ, ಯಾವ ನದಿ, ಅದರ ಯಾವ ದಂಡೆ ಅಂತ ಗೊತ್ತಿರಬೇಕು. ಹಳೇ ಕಾಲದಲ್ಲಿ ಅಡ್ರೆಸ್ ಅಂದ್ರೆ ಅಷ್ಟೇ."

ಮೊಮ್ಮಗಳು ನಿಧಿ ಚಾಚಿದ ಕೈ ಇಳಿಸದೆ ಕೇಳಿದಳು. "ಬಟ್ ತಾತ, ಪೂಜೇಲಿ ಯೂ ಆಲ್ವೇಸ್ ಸೇ ಗೋದಾವರಿ. ಈಸ್ ದಟ್ ಹಿಯರ್?"

ರಾಯರು ಅಂದಿನ ಪಾಠವನ್ನು ಅಲ್ಲಿಗೇ ಮುಗಿಸಿದರು.

ಪೂಜೆಯಾಗಲಿ ಶ್ರಾದ್ಧವಾಗಲಿ, ಮೊದಲು ತಾನು ಯಾವ ಜಾಗದಲ್ಲಿ ಕೂತಿದ್ದೇನೆ ಎಂದು ಹೇಳಿ ಸಂಕಲ್ಪ ಮಾಡಬೇಕು. ಗೋದಾವರಿಯ ದಕ್ಷಿಣ ತೀರ ಎಂದು ರಾಯರು ಮೈಸೂರಿನಲ್ಲಿ ಹೇಳುತ್ತಿದ್ದರು. ಬಾಯಿಗೆ ಬಂದದ್ದನ್ನು ಇಲ್ಲಿಯೂ ಹೇಳಿದ್ದರು. ತಿಂಗಳು ತಿಂಗಳೂ ಹೆಂಡತಿಗೆ ಅನ್ನವಿಟ್ಟದ್ದು ಎರಿನ್ ಮಿಲ್ಸಿನಲ್ಲಿ, ಕರೆದದ್ದು ಗೋದಾವರಿಗೆ. ಕಮಲಾಕ್ಷಮ್ಮ ಗಂಡ ಹೇಳಿದ ಜಾಗಕ್ಕೆ ಹೋಗಿ ಕೂತಿರುತ್ತಾರೆ. ಅದರಲ್ಲಿ ಅನುಮಾನವಿರಲಿಲ್ಲ. ಅಲ್ಲಿ ಬೆಂಚು ಇದೆಯೋ ಇಲ್ಲವೋ.

ವರ್ಷಾಬ್ದಿಕ ಬುಧವಾರವಿತ್ತು. ರಾಯರು ಸ್ಟೌಫ್‌ವಿಲ್ಲಿನಲ್ಲಿದ್ದ ಪುರೋಹಿತರಿಗೆ ಫೋನು ಮಾಡಿದರು.

"ರಾಯರೇ, ಇಲ್ಲಿ ಎಷ್ಟೋ ಜನ ಗೋದಾವರೀನೇ ಹೇಳ್ತಾರೆ," ಎಂದರು ಶ್ರೀನಾಥಾಚಾರ್ಯರು. "ದೇವರಿಗೆ ಜಿಪಿಎಸ್ ಬೇಕೇನ್ರೀ?"

"ದೇವರಿಗೆ ಬೇಡ ಆಚಾರ್ಯರೇ. ನಮ್ಮನೆಯವಳಿಗೆ ಬೇಕು."

"ಸರಿ. ಕ್ರೆಡಿಟ್‌ಗೆ ಸಂಸ್ಕೃತದಲ್ಲಿ ಏನಾದ್ರೂ ಹೆಸರು ಕಟ್ಟಲಾ?"

"ಬೇಡಿ. ಸೇತುವೆ ಬೋರ್ಡಲ್ಲಿ ಇರೋದನ್ನೇ ಹೇಳಿ. ಅವಳು ಬೋರ್ಡ್ ಓದ್ಕೊಂಡು ಬರೋಳು."

ಬುಧವಾರ ಆಚಾರ್ಯರು ಕ್ರೆಡಿಟ್ ನದಿಯ ಪಶ್ಚಿಮ ತೀರ ಎಂದು ಗಟ್ಟಿಯಾಗಿ ಹೇಳಿಸಿದರು. ರಾಯರು ಇನ್ನೂ ಗಟ್ಟಿಯಾಗಿ ಹೇಳಿದರು. ದೀಪ್ತಿ ಅಡುಗೆಮನೆಯಿಂದ ಇಣುಕಿ ನೋಡಿದಳು. ಅವಳು ಅಂದು ಹುಳಿಗೆ, ಅಮ್ಮ ಹಾಕುತ್ತಿದ್ದ ಹಾಗೆ, ಬೆಲ್ಲ ಸ್ವಲ್ಪ ಹೆಚ್ಚೇ ಹಾಕಿದ್ದಳು.

ಸಂಜೆ ರಾಯರು ನಿಧಿಯನ್ನು ಕರೆದುಕೊಂಡು ಪಿಂಡವನ್ನು ಎಲೆಯ ಮೇಲಿಟ್ಟು ಹೊಳೆಗೆ ಬಿಟ್ಟರು. ಅದು ಒಂದು ಕಲ್ಲಿಗೆ ತಗುಲಿ, ಯೋಚನೆ ಮಾಡುವಂತೆ ನಿಂತು, ಮುಂದಕ್ಕೆ ಹೋಯಿತು.

"ಅಜ್ಜಿಗೆ ಈಗ ದಾರಿ ಗೊತ್ತಾಗತ್ತಾ, ತಾತ?"

"ಹೆಸರು ಹೇಳಿದೀವಿ. ಆದ್ರೆ ಪಶ್ಚಿಮ ಅಂದ್ರೆ ಅವಳಿಗೆ ಯಾವತ್ತು ತಿಳೀತು?"

ರಾಯರು ನೀರು ಹೋಗುವ ಕಡೆಗೆ ಮುಖ ಮಾಡಿ ನಿಂತರು. ಬಲಗೈ ಎತ್ತಿ ಮನೆಯಿದ್ದ ಕಡೆಗೆ ಚಾಚಿದರು. ನಿಧಿಯೂ ಚಾಚಿದಳು. ಎದುರು ದಂಡೆಯಲ್ಲಿ ನಾಯಿ ಹಿಡಿದು ಹೋಗುತ್ತಿದ್ದವನೊಬ್ಬ ತನಗೇ ಎಂದುಕೊಂಡು ಕೈ ಬೀಸಿದ. ರಾಯರು ಕೈ ಇಳಿಸಲಿಲ್ಲ.