ಎಂಟನೇ ಕಂಬದ ಮನೆಸದ್ದು

ವಿಮಾನ ತಲೆಯ ಮೇಲೆ ಹಾಯುವಾಗ ಆ ಬಡಾವಣೆಯವರು ಮಾತು ನಿಲ್ಲಿಸುತ್ತಿದ್ದರು. ಅದಕ್ಕೆ ಎದುರಾಗಿ ಕೂಗಿ ಗಂಟಲು ಹರಿದುಕೊಳ್ಳುವುದನ್ನು ಎಂದೋ ಬಿಟ್ಟಿದ್ದರು. ಬಾಯಿಗೆ ಬಂದ ಮಾತನ್ನು ಅಲ್ಲೇ ಹಿಡಿದುಕೊಂಡು, ಕಣ್ಣನ್ನು ಎತ್ತಲೋ ನೆಟ್ಟು ನಿಲ್ಲುವುದು. ಸದ್ದು ದಾಟಿದ ಮೇಲೆ ಬಿಟ್ಟ ಅಕ್ಷರದಿಂದಲೇ ಮುಂದುವರಿಸುವುದು. ಜಗಳವಾಡುವವರೂ ಅಷ್ಟೇ, ಎತ್ತಿದ ಕೈಯನ್ನು ಎತ್ತಿದಂತೆಯೇ ಇಟ್ಟು ಕಾಯುತ್ತಿದ್ದರು. ಹೊರಗಿನಿಂದ ಬಂದ ನೆಂಟರು ಮೊದಲ ದಿನ ಬಿದ್ದು ಬಿದ್ದು ನಗುತ್ತಿದ್ದರು, ಮೂರನೆಯ ದಿನ ತಾವೂ ಹಾಗೇ ನಿಲ್ಲುತ್ತಿದ್ದರು. ವಿಮಾನ ಹೋದದ್ದೇ ತಡ, ಬೀದಿಗೆ ಬೀದಿಯೇ ಒಟ್ಟಿಗೆ ಬಾಯಿ ತೆರೆಯುತ್ತಿತ್ತು. ಆ ಗದ್ದಲದಲ್ಲಿ ಸೂಜಿ ಹಾಗಿರಲಿ, ಒನಕೆ ಬಿದ್ದರೂ ಯಾರಿಗೂ ಕೇಳುತ್ತಿರಲಿಲ್ಲ.

ಅವನು ಆ ಬಡಾವಣೆಯಲ್ಲೇ ಬೆಳೆದವನು, ಈಗ ಅದರ ಸದ್ದನ್ನು ಅಳೆಯುವವನು. ಹನ್ನೆರಡು ಮನೆಗಳ ತಾರಸಿಯ ಮೇಲೆ ಹನ್ನೆರಡು ಕಂಬ, ಪ್ರತಿ ಕಂಬದ ತುದಿಗೆ ಸ್ಪಂಜಿನ ಟೊಪ್ಪಿಗೆ ಹಾಕಿದ ಒಂದು ಮೈಕು. ತಿಂಗಳಿಗೊಮ್ಮೆ ಏಣಿ ಹತ್ತಿ ಟೊಪ್ಪಿಗೆ ಒರೆಸಿ, ಒಂದೇ ಸಮನೆ ಕೂಗುವ ಪುಟ್ಟ ಯಂತ್ರವನ್ನು ಮೈಕಿನ ಮೂತಿಗಿಟ್ಟು, ಅದರ ಕಿವಿ ನೆಟ್ಟಗಿದೆಯೇ ಎಂದು ನೋಡುತ್ತಿದ್ದ. ಬೀದಿಯವರು ಅವನಿಗೆ ಇಟ್ಟ ಹೆಸರು ಸದ್ದಪ್ಪ. ಉಳಿದ ದಿನಗಳಲ್ಲಿ ವಿಮಾನ ನಿಲ್ದಾಣದ ಓಡುಹಾದಿಯ ಬೇಲಿಗೆ ಅಂಟಿಕೊಂಡ ಕಚೇರಿಯಲ್ಲಿ ಅವನ ಕೆಲಸ. ಯಾವ ಸದ್ದಿಗೆ ವಿಮಾನದ ದಾರಿ ತಾಳೆಯಾಗುತ್ತದೋ ಅದನ್ನು ವರದಿಗೆ ಸೇರಿಸುವುದು. ತಾಳೆಯಾಗದ್ದು, ಬಾಗಿಲು ಬಡಿದದ್ದು, ಮಿಕ್ಸಿ ತಿರುಗಿದ್ದು, ಮಕ್ಕಳನ್ನು ಬೈದದ್ದು, ಎಲ್ಲಕ್ಕೂ 'ಮನೆಸದ್ದು' ಎಂದು ಹಣೆಪಟ್ಟಿ ಹಚ್ಚಿ ಬದಿಗೆ ತಳ್ಳುವುದು. ಬದಿಗೆ ತಳ್ಳಿದ್ದನ್ನು ಮತ್ತೆ ತೆರೆದು ಕೇಳಬಾರದು, ಅದು ಜನರ ಒಳಮನೆಯ ಮಾತು ಎಂಬ ನಿಯಮಕ್ಕೆ ಅವನು ಸಹಿ ಹಾಕಿದ್ದ. ಮೂರು ತಿಂಗಳಿಗೆ ಅದು ತಾನಾಗಿಯೇ ಅಳಿಸಿಹೋಗುತ್ತಿತ್ತು.

ಎಂಟನೇ ಕಂಬ ಇದ್ದದ್ದು ಅವನ ತಾಯಿಯ ಮನೆಯ ಮೇಲೆ.

ತಾಯಿ ಪದ್ಯ ಓದುವವಳು. ಮಧ್ಯಾಹ್ನ ಮೂರರಿಂದ ಸಂಜೆಯವರೆಗೆ ಹಿಂದಿನ ಕೋಣೆಯಲ್ಲಿ ಏಳೆಂಟು ಹೆಂಗಸರು ಕೂಡುತ್ತಿದ್ದರು. ಅವಳು ರಾಗವಾಗಿ ಓದಿ ಅರ್ಥ ಹೇಳುತ್ತಿದ್ದಳು, ಅವರು ಹೂಂಗುಟ್ಟುತ್ತಿದ್ದರು. ಆ ಬೀದಿಗೆಲ್ಲ ನಿಶ್ಶಬ್ದವಾದ ಜಾಗ ಆ ಕೋಣೆಯೇ. ಅದನ್ನು ಹಾಗೆ ಮಾಡಿಸಿದವನು ಮಗ. ಆರು ವರ್ಷದ ಹಿಂದೆ ಕಿಟಕಿಗೆ ಇಟ್ಟಿಗೆ ಕಟ್ಟಿಸಿ, ಬಾಗಿಲ ಅಂಚಿಗೆ ರಬ್ಬರು ಹೊಡೆಸಿ, ಇನ್ನೂ ಸದ್ದು ಬರುತ್ತದೆ ಎಂದಾಗ ಗಾರೆಯವನಿಂದ ಮಾಳಿಗೆಯ ಮೇಲೆ ಮರಳಿನ ಮೂಟೆ ಹಾಕಿಸಿದ್ದ. ಭಾರ ಇದ್ದಷ್ಟೂ ಸದ್ದು ಒಳಗೆ ಇಳಿಯುವುದಿಲ್ಲ ಎಂದು ಚಹಾ ಕುಡಿಯುತ್ತಾ ಎಲ್ಲರೆದುರು ಪಾಠ ಹೇಳಿದ್ದ. ಪಾಠ ಸುಳ್ಳೇನೂ ಅಲ್ಲ. ವರ್ಷಕ್ಕೊಂದು ಸಾಲು ಮೂಟೆ ಏರುತ್ತಾ ಹೋಯಿತು. ಸದ್ದಪ್ಪನೇ ಹೇಳಿದ ಮೇಲೆ ಮುಗಿಯಿತಲ್ಲ, ಬೀದಿಯಲ್ಲಿ ಇನ್ನೂ ಆರು ಮನೆಯವರು ಮೂಟೆ ಏರಿಸಿದರು.

ಆ ದಿನ ಬೆಳಿಗ್ಗೆ ಎಂಟನೇ ಕಂಬ ಒಂದು ಕೂದಲೆಳೆ ವಾಲಿತ್ತು. ಮಟ್ಟದ ಗಾಜಿನೊಳಗಿನ ಗುಳ್ಳೆ ಗೆರೆಯಿಂದಾಚೆ ಜಾರಿತ್ತು. ಕಂಬ ನೆಟ್ಟ ಗಾರೆಯವನನ್ನು ಬೈದುಕೊಂಡು, ಬುಡಕ್ಕೊಂದು ವಾಷರ್ ತುರುಕಿ ನೆಟ್ಟಗೆ ಮಾಡಿ ಇಳಿದು ಬಂದ. ಮೆಟ್ಟಿಲ ಬಳಿ ತಾಯಿ ಪುಸ್ತಕವನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಎಷ್ಟು ಒರೆಸಿದರೂ ಹಾಳೆಯ ನಡುವೆ ಧೂಳು, ಆ ರಸ್ತೆ ಕೆಲಸದವರು ಯಾವಾಗ ಮುಗಿಸುತ್ತಾರೋ ಎಂದು ಗೊಣಗಿದಳು. ಅವನು ಹೌದೆಂದು ತಲೆಯಾಡಿಸಿ ಹೊರಟ.

ಕಚೇರಿಯಲ್ಲಿ ಕಂಬದ ವಿವರ ಬರೆಯುವಾಗ ಹಿಂದಿನ ತಿಂಗಳ ಪುಟ ಕಣ್ಣಿಗೆ ಬಿತ್ತು. 'ಎಂಟು: ಸ್ವಲ್ಪ ವಾಲಿತ್ತು, ವಾಷರ್ ಹಾಕಿದೆ.' ಅದರ ಹಿಂದಿನ ತಿಂಗಳೂ ಅದೇ, ಅವನದೇ ಕೈಬರಹ. ಪೆನ್ನು ಕೆಳಗಿಟ್ಟ. ಕಂಬ ವಾಲುತ್ತಿದೆಯೋ, ಕಂಬ ನಿಂತ ನೆಲ ವಾಲುತ್ತಿದೆಯೋ?

ಎಂಟನೆಯದರ ಅಂಕಿಗಳನ್ನು ತೆರೆದು ನೋಡಿದ. ವಿಮಾನಗಳ ಏರಿಳಿತ ಎಂದಿನಂತೆಯೇ ಇತ್ತು. ಆದರೆ ಬದಿಗೆ ತಳ್ಳಿದ ಮನೆಸದ್ದಿನ ರಾಶಿಯಲ್ಲಿ, ದಿನವೂ ನಾಲ್ಕು ಗಂಟೆ ಹತ್ತು ನಿಮಿಷದ ದೊಡ್ಡ ಸರಕು ವಿಮಾನ ಹೋದ ಮೇಲೆ, ಒಂದು ಮೊಂಡು ಗೆರೆ ಕಾಣುತ್ತಿತ್ತು. ಹನ್ನೊಂದು ವಾರದಿಂದ ಅದನ್ನು ತಾನೇ ತಳ್ಳುತ್ತಾ ಬಂದಿದ್ದ. ಎದುರಿನ ಮೇಜಿನ ಮೇಲಧಿಕಾರಿ ಚಹಾಕ್ಕೆ ಹೋಗಿದ್ದರು. ಅವನು ಕಿವಿಗೆ ಹೆಡ್‌ಫೋನ್ ಏರಿಸಿ, ಸಹಿ ಹಾಕಿದ್ದ ನಿಯಮವನ್ನು ಮುರಿದ.

ಮೊದಲು ವಿಮಾನ. ಅದು ದಾಟಿದ್ದೇ ಬೀದಿಯ ಗದ್ದಲ. ಆಮೇಲೆ ಮಾಳಿಗೆಯಡಿಯಿಂದ ತೆಳ್ಳಗೆ ಅಮ್ಮನ ದನಿ, ಬಿಟ್ಟ ಅಕ್ಷರದಿಂದಲೇ. ಅವೆಲ್ಲದರ ಅಡಿಯಲ್ಲಿ ಒಮ್ಮೆ, ಯಾರೋ ಒಣಗಿದ ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದ ಹಾಗೆ: ಟಕ್.

ಅವನ ಹೆಬ್ಬೆರಳು ತಾನಾಗಿಯೇ ಬೆರಳ ಗೆಣ್ಣುಗಳ ಮೇಲೆ ಓಡಿತು. ಚಿಕ್ಕವನಿದ್ದಾಗ ಅಮ್ಮ ಕಲಿಸಿದ ಎಣಿಕೆ ಅದು: ನಾಲ್ಕು ಬೆರಳು, ಹನ್ನೆರಡು ಗೆಣ್ಣು. ಸದ್ದು ದಾಟಿದ ಮೇಲೂ ಕೇಳುವವರ ಮನಸ್ಸು ಮರಳಿ ಬರಲು ಅಷ್ಟು ಹೊತ್ತು ಬೇಕು, ಹನ್ನೆರಡಕ್ಕೆ ಮುಂಚೆ ದನಿ ಎತ್ತಬಾರದು ಎನ್ನುತ್ತಿದ್ದಳು. ಅವಳು ಇಂದಿಗೂ ಹನ್ನೆರಡಕ್ಕೇ ಶುರು ಮಾಡುತ್ತಿದ್ದಳು. ಹಳೆಯದರಿಂದ ಒಂದೊಂದನ್ನೇ ಹಾಕಿ ಕೇಳಿದ, ಆ ಟಕ್ ಮಾತ್ರ ಒಂದು ಕಡೆ ನಿಂತಿರಲಿಲ್ಲ. ಹನ್ನೊಂದು ವಾರದ ಹಿಂದೆ ಅದು ಎರಡನೇ ಸುತ್ತಿನ ಕೊನೆಗೆ, ಇಪ್ಪತ್ತನಾಲ್ಕನೇ ಗೆಣ್ಣಿಗೆ ಬಿದ್ದಿತ್ತು. ಆಮೇಲೆ ಇಪ್ಪತ್ತೊಂದು. ಹದಿನೆಂಟು. ಕಳೆದ ವಾರ ಹದಿಮೂರು. ನಾಲ್ಕು ದಿನದ ಹಿಂದೆ ಹನ್ನೊಂದು. ನಿನ್ನೆ ಒಂಬತ್ತು.

ವಿಮಾನದ ನಡುಕಕ್ಕೆ ಮಾಳಿಗೆ ಸಡಿಲವಾಗುತ್ತಿತ್ತು. ವಿಮಾನ ಹೋದ ಮೇಲೆ ಮೂಟೆಗಳ ಭಾರಕ್ಕೆ ಮತ್ತೆ ಕೂರುತ್ತಿತ್ತು. ದಿನದಿಂದ ದಿನಕ್ಕೆ ಬೇಗ ಬೇಗ ಕೂರುತ್ತಿತ್ತು. ಅಮ್ಮನ ಹಾಳೆಯ ಮೇಲೆ ಬೀಳುತ್ತಿದ್ದುದು ರಸ್ತೆಯ ಧೂಳಲ್ಲ.

ಫೋನು ಮಾಡಿದ. ಓದುವ ಹೊತ್ತಿನಲ್ಲಿ ಅಮ್ಮ ಫೋನನ್ನು ಅಡುಗೆಮನೆಯ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕುತ್ತಿದ್ದಳು. ಅದು ಡಬ್ಬಿಯೊಳಗೇ ಬಡಿದುಕೊಂಡು ಸುಮ್ಮನಾಯಿತು. ಗಡಿಯಾರ ಮೂರು ನಲವತ್ತು ತೋರಿಸುತ್ತಿತ್ತು. ಅವನು ಸ್ಕೂಟರು ಹತ್ತಿದ. ರಸ್ತೆ ಕೆಲಸದವರು ದಾರಿ ಅಡ್ಡ ಕಟ್ಟಿದ್ದರು. ಸುತ್ತಿ ಬಳಸಿ ಬರುವಷ್ಟರಲ್ಲಿ ನಾಲ್ಕು ದಾಟಿ ಎಂಟು ನಿಮಿಷವಾಗಿತ್ತು.

ಕೋಣೆಯ ಬಾಗಿಲು ತಳ್ಳಿದಾಗ ಅಮ್ಮ ಪದ್ಯದ ನಡುವೆ ಇದ್ದಳು. ಸುತ್ತ ಎಂಟು ಜನ. ಗೋಡೆಗೊರಗಿ ಮೊಣಕಾಲು ಚಾಚಿ ಕುಳಿತಿದ್ದ ದೊಡ್ಡಮ್ಮ, ಅವಳ ಪಕ್ಕ ಬೀದಿಯ ಕೊನೆಯ ಮನೆಯ ದರ್ಜಿಯಮ್ಮ. ಚಪ್ಪಲಿ ಬಿಡದೆ ಒಳಗೆ ಬಂದವನನ್ನು ಕಂಡು ದರ್ಜಿಯಮ್ಮನೇ ಮೊದಲು ಬಾಯಿ ತೆರೆದಳು.

"ನೋಡ್ರೇ, ಸದ್ದಪ್ಪ ಬಂದ. ನಾವು ಹೂಂ ಅಂದಿದ್ದೂ ಜಾಸ್ತಿ ಆಯ್ತೇನಪ್ಪಾ?"

ಹೆಂಗಸರು ನಕ್ಕರು.

"ಎಲ್ಲಾರೂ ಎದ್ದು ಹೊರಗೆ ಬನ್ನಿ. ಈಗಲೇ. ಮಾಳಿಗೆ ಸರಿಯಿಲ್ಲ."

ಅಮ್ಮ ಕನ್ನಡಕದ ಮೇಲಿಂದ ನೋಡಿದಳು. "ಅರ್ಧ ಪದ್ಯ ಬಿಟ್ಟು ಏಳೋದಾ? ನಿನಗೆ ಹೀಗಾ ನಾನು ಕಲಿಸಿದ್ದು? ಆರು ಸಾಲು ಉಳಿದಿದೆ, ಕೂತ್ಕೋ."

"ಅಮ್ಮಾ, ಆರು ಸಾಲಿಗೆ ಟೈಮಿಲ್ಲ. ನಾಲ್ಕು ಹತ್ತರದ್ದು ಬರೋ—"

ವಿಮಾನ ಬಂದೇಬಿಟ್ಟಿತು. ಎಷ್ಟು ಇಟ್ಟಿಗೆ, ಎಷ್ಟು ಮರಳು ಇದ್ದರೇನು, ಅದರ ಗುಡುಗು ನೆಲದಿಂದಲೇ ಹತ್ತಿ ಕುಳಿತವರ ಮೂಳೆಗೆ ಬರುತ್ತಿತ್ತು. ಅವನು ಕಿರುಚಬೇಕಿತ್ತು, ಕೈಹಿಡಿದು ಎಳೆಯಬೇಕಿತ್ತು. ಆದರೆ ಆ ಬೀದಿಯಲ್ಲಿ ಹುಟ್ಟಿದ ನಾಲಗೆ ಅದು, ತಾನಾಗಿಯೇ ಕಟ್ಟಿತು. ಎದ್ದಿದ್ದ ಕೈ ಎದ್ದ ಹಾಗೇ ಉಳಿಯಿತು. ಎಂಟು ಹೆಂಗಸರು, ತಾಯಿ, ಮಗ, ಎಲ್ಲರೂ ಆ ಮಾಳಿಗೆಯ ಕೆಳಗೆ ಬೊಂಬೆಗಳ ಹಾಗೆ ಕಾದರು.

ಸದ್ದು ದಾಟಿತು.

ದೊಡ್ಡಮ್ಮ ಏನೋ ಹೇಳಲು ಹೊರಟಳು. ಅವನು ತುಟಿಗೆ ಬೆರಳಿಟ್ಟು, ಇನ್ನೊಂದು ಕೈಯನ್ನು ಅಮ್ಮನ ಮುಖದ ಮುಂದೆ ಹಿಡಿದು, ಹೆಬ್ಬೆರಳನ್ನು ಮೊದಲ ಗೆಣ್ಣಿನ ಮೇಲಿಟ್ಟ. ಅಮ್ಮನಿಗೆ ಆ ಭಾಷೆಯನ್ನು ಬಿಡಿಸಿ ಹೇಳಬೇಕಿರಲಿಲ್ಲ. ಅವಳ ಹೆಬ್ಬೆರಳೂ ಓಡತೊಡಗಿತು. ಒಂದು. ಎರಡು. ಮೂರು. ಹೆಂಗಸರು ಆ ಎರಡು ಹೆಬ್ಬೆರಳನ್ನೇ ನೋಡುತ್ತಿದ್ದರು. ಏಳು.

ಟಕ್.

ಸಣ್ಣ ಸದ್ದು. ಅದರ ಹಿಂದೆಯೇ ಫ್ಯಾನಿನ ಕೊಕ್ಕೆಯ ಪಕ್ಕದಿಂದ ಒಂದು ಎಳೆ ಮರಳು ಇಳಿದು ತೆರೆದ ಪುಸ್ತಕದ ನಡುವೆ ಬಿತ್ತು. ನಿಲ್ಲಲಿಲ್ಲ, ಇಳಿಯುತ್ತಲೇ ಇತ್ತು.

ಅಮ್ಮ ಅದನ್ನು ನೋಡುತ್ತಾ ತಗ್ಗಿದ ದನಿಯಲ್ಲಿ ಹೇಳಿದಳು, "ನಾಲ್ಕು ದಿನದಿಂದ ಯಾರೋ ನಾನು ಶುರು ಮಾಡೋಕೆ ಮುಂಚೆನೇ ಹೂಂಗುಡ್ತಿದಾರೆ ಅನ್ಕೊಂಡಿದ್ದೆ ಕಣೋ. ಇಷ್ಟು ಭಕ್ತಿ ಯಾರದ್ದಪ್ಪಾ ಅಂತ ಒಬ್ಬೊಬ್ಬರ ಮುಖಾನೂ ನೋಡಿದ್ದೆ."

ಆಮೇಲೆ ಅವಳು ಎಂದೂ ಮಾಡದ ಕೆಲಸ ಮಾಡಿದಳು. ಅರ್ಧ ಪದ್ಯಕ್ಕೆ ಪುಸ್ತಕ ಮುಚ್ಚಿದಳು. "ಏಳ್ರೇ. ಉಳಿದಿದ್ದನ್ನ ಬೀದೀಲಿ ನಿಂತು ಹೇಳ್ತೀನಿ. ದೇವರಿಗೆ ಅಲ್ಲೂ ಕೇಳಿಸುತ್ತೆ."

ದೊಡ್ಡಮ್ಮನ ಮೊಣಕಾಲು ಮಡಚುತ್ತಿರಲಿಲ್ಲ. ಅವನು ಮತ್ತು ದರ್ಜಿಯಮ್ಮ ಎರಡು ಕಡೆ ಹಿಡಿದು ಎತ್ತಿದರು. ಹಗುರಾಗಿ ಕಾಲಿಡಿ ಎಂದು ಯಾರೂ ಹೇಳಲಿಲ್ಲ, ಎಲ್ಲರೂ ಮಲಗಿದ ಮಗುವಿನ ಪಕ್ಕದಲ್ಲಿ ನಡೆದ ಹಾಗೆ ನಡೆದರು. ಅಮ್ಮ ಕೊನೆಯವಳಾಗಿ ಪುಸ್ತಕವನ್ನು ಎದೆಗವಚಿಕೊಂಡು ಹೊಸ್ತಿಲು ದಾಟಿದಳು.

ಬೀದಿಯಲ್ಲಿ ಬಿಸಿಲಿತ್ತು. ಒಂಬತ್ತು ಹೆಂಗಸರು ಒಟ್ಟಿಗೆ ಹೊರಗೆ ಬಂದು ನಿಂತದ್ದನ್ನು ಕಂಡು ಅಕ್ಕಪಕ್ಕದವರೂ ಬಾಗಿಲಿಗೆ ಬಂದರು. ಯಾರಿಗೆ ಏನಾಯಿತು ಎಂಬ ಪ್ರಶ್ನೆಗೆ ಹತ್ತು ಉತ್ತರ ಹೊರಟವು. ದರ್ಜಿಯಮ್ಮ ತನ್ನದೊಂದು ಸೇರಿಸುವಷ್ಟರಲ್ಲಿ ಮುಂದಿನ ವಿಮಾನ, ಚಿಕ್ಕದೊಂದು, ನೀರಿನ ಟ್ಯಾಂಕಿಯ ಹಿಂದಿನಿಂದ ಏರಿ ಬಂತು. ಬೀದಿ ಬಾಯಿ ಮುಚ್ಚಿತು.

ಅದು ತಲೆಯ ಮೇಲಿದ್ದಾಗ ಅವನು ಬೀದಿಯ ನಡುವೆ ಹೋಗಿ ಎರಡೂ ಕೈ ಮೇಲೆತ್ತಿದ. ಸದ್ದು ದಾಟಿದ ಮೇಲೂ ಇಳಿಸಲಿಲ್ಲ. ಅವನ ಮುಖದಲ್ಲಿ ಏನು ಕಂಡರೋ, ಆ ಬಡಾವಣೆಯ ಜನ ಅಂದು ಮೊದಲ ಬಾರಿಗೆ ವಿಮಾನ ಹೋದ ಮೇಲೂ ಮಾತಾಡಲಿಲ್ಲ.

ಒಂದು. ಎರಡು. ಮೂರು. ನಾಲ್ಕು.

ಟಕ್. ಕೂಡಲೇ ಅಮ್ಮನ ಹಿಂದಿನ ಕೋಣೆ ಕುಸಿಯಿತು. ಸಿಡಿಲಿನ ಹಾಗಲ್ಲ. ಹೊರಲಾರದ್ದನ್ನು ಬಹಳ ಹೊತ್ತು ಹೊತ್ತವರು ಕೊನೆಗೆ ನೆಲಕ್ಕೆ ಬಿಟ್ಟ ಹಾಗೆ ಒಂದೇ ಧೊಪ್ಪು, ಆಮೇಲೆ ಮರಳು ಸುರಿಯುವ ಉದ್ದನೆಯ ಸುಯ್ಲು. ಬಾಗಿಲಿನಿಂದ ಧೂಳು ನಿಧಾನವಾಗಿ ಹೊರಗೆ ಬಂದು ಹೆಂಗಸರ ಪಾದ ಮುಟ್ಟಿತು. ದೊಡ್ಡಮ್ಮ ಅಮ್ಮನ ಕೈ ಹಿಡಿದುಕೊಂಡಳು. ಆಗಲೂ ಯಾರೂ ಕೂಗಲಿಲ್ಲ.

ಆ ಮೌನ ಇದ್ದುದರಿಂದಲೇ ಅವನಿಗೆ ಮುಂದಿನದು ಕೇಳಿಸಿತು. ಹೆಬ್ಬೆರಳು ಇನ್ನೂ ಎಣಿಸುತ್ತಲೇ ಇತ್ತು. ಹದಿಮೂರನೇ ಗೆಣ್ಣಿಗೆ, ಎದುರು ಮನೆಯ ಒಳಗಿನಿಂದ: ಟಕ್. ಹದಿನಾರಕ್ಕೆ, ಅದರಾಚೆಯ ಮನೆಯಿಂದ. ಹತ್ತೊಂಬತ್ತಕ್ಕೆ ಇನ್ನೊಂದು. ಓದುವವರು ಒಂದು ಸಾಲು ಹೇಳಿ ನಿಲ್ಲಿಸಿದಾಗ ಕೇಳುವವರು ಒಬ್ಬರಾದ ಮೇಲೊಬ್ಬರು ಹೂಂಗುಟ್ಟುವ ಹಾಗೆ, ಅದು ಬೀದಿಯುದ್ದಕ್ಕೂ ಕೊನೆಯ ಮನೆಯವರೆಗೆ ಹೋಯಿತು.

ದರ್ಜಿಯಮ್ಮ ತನ್ನ ಮನೆಯ ಕಡೆ ತಿರುಗಿದಳು. ಅವಳ ಗಂಡ ಒಳಗೆ, ಮರಳು ಮೂಟೆ ಹೊತ್ತ ಮಾಳಿಗೆಯ ಕೆಳಗೆ, ತಣ್ಣಗೆ ನಿದ್ದೆ ಮಾಡುತ್ತಿದ್ದ.

"ಓಡಿ," ಎನ್ನಲು ಅವನು ಬಾಯಿ ತೆರೆದ. ಆ ಬೀದಿಯ ನಾಲಗೆ ಮತ್ತೆ ತಾನಾಗಿಯೇ ಕಟ್ಟಿತು. ನೀರಿನ ಟ್ಯಾಂಕಿಯ ಹಿಂದೆ ಇನ್ನೊಂದು ವಿಮಾನ ಮೂಗು ಎತ್ತುತ್ತಿತ್ತು, ಬೀದಿಯವರೆಲ್ಲ ಆಗಲೇ ಬಾಯಿ ಮುಚ್ಚಿ, ನಿಂತಲ್ಲೇ ನಿಂತು ಕಾಯತೊಡಗಿದ್ದರು.